ಮೇಷ್ಟ್ರು ತಿನ್ನಿಸದ ಊಟ

ಮುನಿಶಾಮಪ್ಪ ಮೇಷ್ಟ್ರು ನನಗೆ ಕೋಳಿಸಾರು ತಿನ್ನಿಸಲಿಲ್ಲ. ನಾನೇ ತಿಂದೆ. ಬೇಡವೆಂದವರ ಮುಂದೆ ಹಟ ಹಿಡಿದು ಕೂತು, ಕೇಳಿ ಹಾಕಿಸಿಕೊಂಡು ತಿಂದೆ. ಹುಡುಗರ ಊಟಕ್ಕೆಂದು ಕೊಟ್ಟಿದ್ದ ದುಡ್ಡನ್ನೂ ಅವರು ನುಂಗಲಿಲ್ಲ. ಅದು ಎಲ್ಲಿಗೆ ಹೋಯಿತೆಂದು ನನಗೆ ಚೆನ್ನಾಗಿ ಗೊತ್ತಿತ್ತು — ಅದನ್ನು ಎಣಿಸಿ ಕೊಟ್ಟ ಕೈ ನನ್ನದೇ. ಹದಿನಾಲ್ಕನೆಯ ವಯಸ್ಸಿನಲ್ಲಿ ಹೇಳಬೇಕಾಗಿದ್ದ ಮಾತು ಇದು. ಎಂಬತ್ತರ ಹತ್ತಿರ ಬಂದು ಹೇಳುತ್ತಿದ್ದೇನೆ.

ಯುದ್ಧದ ಕಾಲ. ಅಕ್ಕಿಗೆ ಅಳತೆ, ಸೀಮೆಎಣ್ಣೆಗೆ ಸಾಲು, ಬೆಂಗಳೂರಿಗೆ ಹೋಗುವ ಬಸ್ಸು ಪೆಟ್ರೋಲಿಲ್ಲದೆ ಇದ್ದಲಿನ ಹೊಗೆಯಲ್ಲಿ ಕೆಮ್ಮುತ್ತ ಓಡುತ್ತಿತ್ತು. ದೇವನಹಳ್ಳಿ ಸೀಮೆಯ ನಮ್ಮ ಶಾಲೆಗೆ — ಹೆಸರು ಬೇಡ, ಶಾಲೆಯದೇನೂ ತಪ್ಪಿಲ್ಲ — ಮುನಿಶಾಮಪ್ಪನವರು ಹೊಸದಾಗಿ ಬಂದಿದ್ದರು. ಲೆಕ್ಕ ಹೇಳಿಕೊಡುತ್ತಿದ್ದರು, ಡ್ರಿಲ್ಲು ಮಾಡಿಸುತ್ತಿದ್ದರು. ಇಪ್ಪತ್ತೈದರ ಸುಮಾರಿನ ವಯಸ್ಸು, ಎಳೆಯ ಹೆಂಡತಿ, ತೊಟ್ಟಿಲಲ್ಲಿ ಒಂದು ಹೆಣ್ಣುಮಗು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಸಂಜೆ ಕೆರೆಯ ಪಕ್ಕದ ಮೈದಾನದಲ್ಲಿ ಪಂಚೆ ಎತ್ತಿಕಟ್ಟಿ ನಮ್ಮ ಜೊತೆ ಕಬಡ್ಡಿಗೆ ಇಳಿಯುತ್ತಿದ್ದರು. ಮೇಷ್ಟ್ರನ್ನು ನೆಲಕ್ಕೆ ಕೆಡವಿದರೂ ಬೈಯದ ಮೇಷ್ಟ್ರನ್ನು ನಾವು ಅದೇ ಮೊದಲು ಕಂಡದ್ದು.

ನಾನು ಶಾನುಭೋಗರ ಮಗ, ಶ್ರೀನಿವಾಸ. ಎಲ್ಲರ ಬಾಯಲ್ಲಿ ಶೀನಿ. ತಂಡಕ್ಕೆ ನನ್ನನ್ನೇ ನಾಯಕನನ್ನಾಗಿ ಮಾಡಿದ್ದರು — ಆಟದಲ್ಲಿ ನನಗಿಂತ ಗೌಸ್ ಹೆಚ್ಚು ಚುರುಕು, ಕೆಂಪಣ್ಣ ಹೆಚ್ಚು ಬಲಶಾಲಿ. ಆದರೆ ಶಾಲೆಯ ಕಮಿಟಿಗೆ ನಮ್ಮಪ್ಪ ಅಧ್ಯಕ್ಷರು. ಅಷ್ಟು ಹೇಳಿದರೆ ಸಾಕು.

ಹೊಸಕೋಟೆಯಲ್ಲಿ ಶಾಲೆಗಳ ನಡುವೆ ಪಂದ್ಯವೆಂದು ಕರೆ ಬಂತು. ಎರಡು ರಾತ್ರಿ ಅಲ್ಲೇ ಉಳಿಯಬೇಕು. ಪ್ರತಿ ಮನೆಯಿಂದ ಒಂದಿಷ್ಟು ದುಡ್ಡು ಸೇರಿತು. ಹೆಚ್ಚಿನ ಪಾಲು ನಮ್ಮಪ್ಪನದು. ಕೊಡುವಾಗ ಅಪ್ಪ ಜಗಲಿಯ ಮೇಲೆ ಕೂತೇ ಹೇಳಿದರು, "ನಮ್ಮ ಹುಡುಗನಿಗೆ ಬ್ರಾಹ್ಮಣರ ಹೋಟ್ಲಲ್ಲೇ ಊಟ ಆಗ್ಬೇಕು. ಒಳಗೆ ಕೂರಿಸಿ ಊಟ ಹಾಕ್ಸಬೇಕು. ನಮ್ಮ ತಾಯಿ ಮಡಿಯವರು, ಗೊತ್ತಲ್ಲ."

"ಆಗ್ಲಿ ಸ್ವಾಮಿ. ಅದು ನನ್ನ ಜವಾಬ್ದಾರಿ," ಎಂದರು ಮೇಷ್ಟ್ರು, ಅಂಗಳದಲ್ಲಿ ನಿಂತು.

ಬಸ್ಸಿನ ಖರ್ಚು ಉಳಿಸಿದರೆ ಹುಡುಗರಿಗೆ ಒಂದು ತುತ್ತು ಹೆಚ್ಚಿಗೆ ಸಿಗುತ್ತದೆಂದು ಅವರು ಎರಡು ಎತ್ತಿನ ಗಾಡಿ ಗೊತ್ತುಮಾಡಿದರು. ಬೂದಿಗೆರೆ ದಾರಿಯಲ್ಲಿ ಹೊರಟೆವು. ಊರು ದಾಟುತ್ತಲೇ ಗಾಡಿ ನಿಲ್ಲಿಸಿ ಎಲ್ಲರನ್ನೂ ಇಳಿಸಿ ಮುಂದೆ ನಿಲ್ಲಿಸಿಕೊಂಡರು. "ಕೇಳ್ರಪ್ಪಾ. ಎಲ್ಲಿಗೆ ಹೋದ್ರೂ ಇಬ್ಬಿಬ್ರು ಹೋಗ್ಬೇಕು, ನನಗೆ ಹೇಳಿ ಹೋಗ್ಬೇಕು. ಗೆದ್ರೆ ಸೋತೋರ್ನ ಅಣಕಿಸ್ಬಾರ್ದು. ಉಂಡ ಎಲೆ ಅವರವರೇ ತೆಗೀಬೇಕು." ಆಮೇಲೆ ಸೊಂಟದ ಗಂಟನ್ನು ತಟ್ಟಿ ನಕ್ಕರು. "ಇದು ದುಡ್ಡಲ್ಲ ಕಣ್ರೋ, ನಿಮ್ಮ ಊಟ. ಇದನ್ನ ನಾನು ಕಾಯ್ತೀನಿ, ನೀವು ನನ್ನ ಮಾನ ಕಾಯ್ರಿ."

ಮಾನ ಕಾಯಿರಿ ಎಂದರು. ಆಗ ಎಲ್ಲರಿಗಿಂತ ಜೋರಾಗಿ "ಆಯ್ತು ಸಾರ್" ಎಂದವನು ನಾನು.

ಹೊಸಕೋಟೆಯ ಹೋಟೆಲಿನವರು ಗೌಸ್‌ನನ್ನೂ ಇನ್ನಿಬ್ಬರು ಹುಡುಗರನ್ನೂ ನೋಡಿ, ಇವರು ಒಳಗೆ ಬರುವ ಹಾಗಿಲ್ಲ, ಜಗಲಿಯಲ್ಲಿ ಕೂರಲಿ ಎಂದರು. ಮೇಷ್ಟ್ರು ಜಗಳಕ್ಕೆ ಹೋಗಲಿಲ್ಲ. "ಹಂಗಾದ್ರೆ ಎಲ್ರಿಗೂ ಜಗಲಿ ಮೇಲೇ ಎಲೆ ಹಾಕ್ಸಿ ಸ್ವಾಮಿ, ನನಗೂ," ಎಂದರು. ನಂತರ ನನ್ನ ಕಡೆ ತಿರುಗಿ, "ಶೀನಿ, ನೀನು ಒಳಗೆ ಹೋಗಪ್ಪ. ನಿಮ್ಮ ತಂದೆಗೆ ಮಾತು ಕೊಟ್ಟಿದೀನಿ," ಎಂದರು. ಒಳಗೆ ಕತ್ತಲೆಯ ಕೋಣೆಯಲ್ಲಿ ನಾನೊಬ್ಬನೇ ಕೂತು ಉಂಡೆ. ಹೊರಗಿನಿಂದ ನಗು ಕೇಳುತ್ತಿತ್ತು. ಕೆಂಪಣ್ಣ ಯಾರನ್ನೋ ಅನುಕರಿಸುತ್ತಿದ್ದ, ಮೇಷ್ಟ್ರೂ ನಗುತ್ತಿದ್ದರು. ನನಗೆ ಅಳು ಬಂತು — ಅಳುವಂಥದ್ದೇನೂ ಅಲ್ಲ, ಆದರೂ ಬಂತು. ಇದನ್ನು ಹೇಳುವುದು ನನ್ನ ಮೇಲೆ ಕರುಣೆ ಬರಲಿ ಎಂದಲ್ಲ. ಆ ಕೋಳಿಸಾರನ್ನು ಹಸಿವಿಗಾಗಿ ತಿಂದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ, ಅದು ಸುಳ್ಳು. ಅವರ ಜೊತೆ ಕೂರಬೇಕಿತ್ತು. ಅಷ್ಟೇ.

ಮರುದಿನದ ಎರಡನೆಯ ಪಂದ್ಯದಲ್ಲಿ ಕೆಂಪಣ್ಣ ನಾಲ್ಕೈದು ಜನರ ಅಡಿಗೆ ಸಿಕ್ಕಿ ಬಿದ್ದ. ಎದ್ದಾಗ ಅವನ ಮೊಣಕೈ ಇರಬಾರದ ಕಡೆಗೆ ತಿರುಗಿತ್ತು. ಪಂದ್ಯವನ್ನೇನೋ ಗೆದ್ದೆವು. ಆದರೆ ಆಸ್ಪತ್ರೆಯ ಡಾಕ್ಟರು ಊರಲ್ಲಿರಲಿಲ್ಲ. ಕಂಪೌಂಡರ್ ಕೈಗೆ ಬಟ್ಟೆ ಕಟ್ಟಿ, ಮಾಲೂರಿನ ದಾರಿಯ ಒಂದು ಹಳ್ಳಿಯಲ್ಲಿ ಮೂಳೆ ಕೂರಿಸುವ ಮುದುಕನಿದ್ದಾನೆ, ತಡಮಾಡಬೇಡಿ ಎಂದ. ನಮ್ಮ ಗಾಡಿಗಳು ಹಿಂದಕ್ಕೆ ಹೋಗಿದ್ದವು, ಮರುದಿನವೇ ಬರುವುದು. ಇದ್ದದ್ದು ಒಂದು ಜಟಕಾ. ಜಟಕಾದವನು ನಮ್ಮ ಅವಸರ ನೋಡಿ ಬಾಯಿಗೆ ಬಂದ ಬಾಡಿಗೆ ಕೇಳಿದ. ಮೇಷ್ಟ್ರು ಚೌಕಾಸಿ ಮಾಡಲಿಲ್ಲ. ನಾಯಕನೆಂದು ನನ್ನನ್ನೂ ಹತ್ತಿಸಿಕೊಂಡರು.

ಕೆಂಪಣ್ಣ ನೋವಿಗೆ ಕಣ್ಣು ಮುಚ್ಚಿ ಮೇಷ್ಟ್ರ ತೊಡೆಯ ಮೇಲೆ ಬಿದ್ದಿದ್ದ. ಅವನ ಕೈ ಅಲುಗಾಡದಂತೆ ಮೇಷ್ಟ್ರು ಎರಡೂ ಕೈಯಲ್ಲಿ ಹಿಡಿದಿದ್ದರು. ಜಟಕಾದವನು ಮೊದಲೇ ದುಡ್ಡು ಬೇಕೆಂದಾಗ, "ಶೀನಿ, ನನ್ನ ಸೊಂಟದ ಗಂಟು ಬಿಚ್ಚಿ ನೀನೇ ಕೊಟ್ಬಿಡಪ್ಪ," ಎಂದರು. ನಾನೇ ಬಿಚ್ಚಿದೆ. ನಾನೇ ಕೊಟ್ಟೆ. ಆ ಮುದುಕ ತನಗೆಂದು ಏನೂ ತೆಗೆದುಕೊಳ್ಳಲಿಲ್ಲ. ಆದರೆ ಎಳ್ಳೆಣ್ಣೆ, ಮೊಟ್ಟೆ, ಹೊಸ ಬಟ್ಟೆ — ಎಲ್ಲ ಕೊಳ್ಳಬೇಕಿತ್ತು. ಅದನ್ನೂ ನಾನೇ ಕೊಂಡು ತಂದೆ. ಹಿಂದಿರುಗುವಾಗ ಜಟಕಾದವನಿಗೆ ಮತ್ತೊಮ್ಮೆ ಕೊಟ್ಟೆ. ಗಂಟು ಬರಿದಾಯಿತು.

ದಾರಿಯಲ್ಲಿ ಮೇಷ್ಟ್ರು ಹೇಳಿದರು, "ನೀನು ಕಣ್ಣಾರೆ ನೋಡಿದೀಯ. ನಾಳೆ ಊರಲ್ಲಿ ಯಾರಾದ್ರೂ ಕೇಳಿದ್ರೆ ಹೇಳಪ್ಪ, ಹಿಂಗಿಂಗಾಯ್ತು ಅಂತ."

"ಹೇಳ್ತೀನಿ ಸಾರ್."

ಸಂಜೆಯ ಊಟಕ್ಕೇನು ಗತಿ ಎಂದು ಅವರು ಯೋಚಿಸುತ್ತಿರುವಾಗಲೇ ಗೌಸ್ ಓಡಿ ಬಂದ. ಅವನ ಚಿಕ್ಕಮ್ಮ — ಖಾಲಾ ಎನ್ನುತ್ತಿದ್ದ — ಹೊಸಕೋಟೆಯಲ್ಲಿದ್ದರು. ಗಂಡನದು ಹುಣಸೆಹಣ್ಣಿನ ವ್ಯಾಪಾರ. ಎಲ್ಲ ಹುಡುಗರೂ ತಮ್ಮ ಮನೆಗೇ ಊಟಕ್ಕೆ ಬರಬೇಕೆಂದು ಆಕೆ ಹೇಳಿ ಕಳಿಸಿದ್ದರು. ಅಕ್ಕಿ ಸಿಗದ ಕಾಲ. ರಾಗಿಮುದ್ದೆ ಮಾಡಿ, ಮನೆಯಲ್ಲಿ ಸಾಕಿದ ಕೋಳಿಗಳನ್ನೇ ಕೊಯ್ದಿದ್ದರು. ಮೇಷ್ಟ್ರು ಒಬ್ಬೊಬ್ಬ ಹುಡುಗನನ್ನೂ ಕರೆದು, ನಿಮ್ಮ ಮನೆಯಲ್ಲಿ ಇದು ನಡೆಯುತ್ತದೆಯೇ ಎಂದು ಕೇಳಿದರು. ನಡೆಯದಿದ್ದದ್ದು ನನಗೊಬ್ಬನಿಗೆ. ತಮ್ಮ ಜೇಬಿನಲ್ಲಿದ್ದ ಚಿಲ್ಲರೆಯಲ್ಲಿ ಅವಲಕ್ಕಿ, ಮೊಸರು, ಬಾಳೆಹಣ್ಣು ತಂದು ನಾವಿಳಿದಿದ್ದ ಶಾಲೆಯ ಪಡಸಾಲೆಯಲ್ಲಿ ನನ್ನ ಮುಂದಿಟ್ಟರು. "ಇವತ್ತೊಂದಿನ ಸುಧಾರಿಸ್ಕೊಳಪ್ಪ," ಎಂದು ನನ್ನ ತಲೆ ಸವರಿ ಕೆಂಪಣ್ಣನ ಬಳಿ ಹೋಗಿ ಕೂತರು.

ಅವಲಕ್ಕಿಯನ್ನು ಅಲ್ಲೇ ಬಿಟ್ಟು ನಾನು ಹಿಂಬಾಗಿಲಿನಿಂದ ಗೌಸ್‌ನ ಖಾಲಾ ಮನೆಗೆ ಹೋದೆ.

ಗೌಸ್ ನನ್ನನ್ನು ಬಾಗಿಲಲ್ಲೇ ತಡೆದ. "ಲೇ ಶೀನಿ, ಬೇಡ ಕಣೋ. ಮೇಷ್ಟ್ರಿಗೆ ಗೊತ್ತಾದ್ರೆ ಬೇಜಾರಾಗ್ತಾರೆ. ನಿಮ್ಮನೇಲಿ ನಿನ್ನ ಬಿಡ್ತಾರೇನೋ?" ಒಳಗಿನಿಂದ, ಪರದೆಯ ಹಿಂದಿನಿಂದ ಅವನ ಖಾಲಾ ಕೂಡ ಹೇಳಿದರು, "ನಕ್ಕೋ ಬೇಟಾ. ನಿಮ್ಮ ಮನೇಲಿ ದೊಡ್ಡೋರಿದಾರೆ. ನಿಮಗೆ ಹಣ್ಣು ಕೊಡ್ತೀನಿ, ಹಾಲು ಕೊಡ್ತೀನಿ." ನಾನು ಕೇಳಲಿಲ್ಲ. ಹೋಗಿ ಸಾಲಿನ ಮಧ್ಯೆ ಕೂತುಬಿಟ್ಟೆ. ನನಗೆ ಹಾಕದಿದ್ದರೆ ನಾನು ನಾಳೆ ಆಡುವುದೇ ಇಲ್ಲ ಎಂದೆ. ಹುಡುಗರು ಹೋ ಎಂದು ಕೂಗಿದರು. ಗೌಸ್ ಮುಖ ಸಣ್ಣದು ಮಾಡಿಕೊಂಡು ಬಡಿಸಿದ. ತಿಂದೆ. ಬಾಯಿ ಉರಿಯಿತು, ಕಣ್ಣಲ್ಲಿ ನೀರು ಬಂತು, ಮತ್ತೆ ಹಾಕೋ ಎಂದೆ. ಅಷ್ಟು ಸಂತೋಷದಿಂದ ನಾನು ಅದಕ್ಕೆ ಮೊದಲು ಎಲ್ಲಿಯೂ ಉಂಡಿರಲಿಲ್ಲ — ಆಮೇಲೂ ಇಲ್ಲ.

ಬೆಳಗ್ಗೆ ಮೇಷ್ಟ್ರು ಹಾಗೇ ಉಳಿದಿದ್ದ ಅವಲಕ್ಕಿ ನೋಡಿದರು. ನನ್ನನ್ನು ಬಾವಿಯ ಹತ್ತಿರ ಕರೆದರು. ಹೊಡೆಯುತ್ತಾರೆ ಎಂದುಕೊಂಡಿದ್ದೆ. "ಜೊತೆ ಹುಡುಗರ ಸಾಲಲ್ಲಿ ಕೂತು ಉಂಡಿದ್ದನ್ನ ನಾನು ತಪ್ಪು ಅನ್ನಲ್ಲ," ಎಂದರು ಮೆಲ್ಲಗೆ. "ನನಗೆ ಹೇಳ್ದೆ ಹೋದ್ಯಲ್ಲ, ಅದು ತಪ್ಪು. ಬೇರೆಯೋರ ಬಾಯಿಂದ ನಿಮ್ಮಪ್ಪನಿಗೆ ಗೊತ್ತಾಗ್ಬಾರ್ದು. ನೀನೇ ಹೇಳ್ಬಿಡು. ಭಯ ಆದ್ರೆ ನನ್ನ ಕರಿ, ನಾನೂ ಬಂದು ಪಕ್ಕದಲ್ಲಿ ನಿಂತ್ಕೋತೀನಿ."

ಅವರು ನನ್ನ ಪಕ್ಕದಲ್ಲಿ ನಿಲ್ಲಲು ತಯಾರಿದ್ದರು. ಈ ಮಾತನ್ನು ನೆನೆಸಿಕೊಂಡಾಗ ಇವತ್ತಿಗೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ಕೊನೆಯ ಪಂದ್ಯವನ್ನೂ ಗೆದ್ದೆವು, ಗೌಸ್‌ನ ಆಟದಿಂದ. ಊರಿಗೆ ಬಂದಾಗ ತಮಟೆ ಬಡಿಸಿದರು. ನಾನು ಅಪ್ಪನಿಗೆ ಹೇಳಲಿಲ್ಲ. ನಾಳೆ ಹೇಳೋಣ, ನಾಡಿದ್ದು ಹೇಳೋಣ... ಅಷ್ಟರಲ್ಲಿ ಯಾವನೋ ಹುಡುಗ ನೀರಿನ ಬಾವಿಯ ಹತ್ತಿರ, ಶಾನುಭೋಗರ ಮಗ ಸಾಬರ ಮನೆಯಲ್ಲಿ ಕೋಳಿ ತಿಂದ ಎಂದು ಹೇಳಿ ನಗಾಡಿದ. ಮಾತು ನನಗಿಂತ ಮೊದಲು ಮನೆ ಸೇರಿತ್ತು.

ಅಜ್ಜಿ ನನ್ನನ್ನು ಹಿತ್ತಲಲ್ಲೇ ನಿಲ್ಲಿಸಿದರು. ಒಳಗಿನಿಂದ ಅಮ್ಮ ಬಿಕ್ಕುವುದು ಕೇಳುತ್ತಿತ್ತು. ಅಪ್ಪ ಬಂದು ಎದುರಿಗೆ ನಿಂತು ಕೇಳಿದರು, "ಯಾರೋ ತಿನ್ನಿಸಿದ್ದು?"

ತಿಂದೆಯಾ ಎಂದು ಕೇಳಲಿಲ್ಲ. ಯಾಕೆ ತಿಂದೆ ಎಂದೂ ಕೇಳಲಿಲ್ಲ. ತಿನ್ನಿಸಿದ್ದು ಯಾರು ಎಂದರು. ನಾನು ತಪ್ಪಿಸಿಕೊಳ್ಳಲು ಅಪ್ಪನೇ ಬಾಗಿಲು ತೆರೆದಿಟ್ಟಿದ್ದರು. ಆ ಬಾಗಿಲಿನಿಂದ ನಾನು ಹೊರಗೆ ಹೋದೆ.

"ಮೇಷ್ಟ್ರು," ಎಂದೆ.

"ನಾನು ಹೋಟ್ಲೂಟಕ್ಕೆ ಅಂತ ಕೊಟ್ಟ ದುಡ್ಡು?"

"ಗೊತ್ತಿಲ್ಲ."

ಎರಡನೆಯ ಸುಳ್ಳು ಯಾಕೆ ಬೇಕಿತ್ತು? ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಕೆಂಪಣ್ಣನನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಕೈಯಲ್ಲಿದ್ದದ್ದನ್ನೆಲ್ಲ ಅವನಿಗಾಗಿ ಕಳೆದರು ಎಂದು ಹೇಳಿದ್ದರೆ, ಅಂಥ ಮನುಷ್ಯ ಬೇರೆಯವರ ಮಗನ ಜಾತಿ ಕೆಡಿಸುತ್ತಾನೆಯೇ ಎಂದು ಅಪ್ಪನಿಗೆ ಅನುಮಾನ ಬರುತ್ತಿತ್ತು. ಮೊದಲನೆಯ ಸುಳ್ಳು ನಿಲ್ಲಬೇಕಾದರೆ ಮೇಷ್ಟ್ರು ಕೆಟ್ಟವರೇ ಆಗಬೇಕಿತ್ತು. ಅಷ್ಟು ಲೆಕ್ಕ ಆ ವಯಸ್ಸಿನಲ್ಲಿ ನನಗೆ ಬರುತ್ತಿತ್ತು. ಅವರೇ ಹೇಳಿಕೊಟ್ಟ ಲೆಕ್ಕ.

ಹೆಡ್ಮೇಷ್ಟ್ರ ಕೋಣೆಗೆ ಕರೆಸಿದರು. ಅಪ್ಪ ಕುರ್ಚಿಯಲ್ಲಿದ್ದರು, ಕಮಿಟಿಯ ಇನ್ನಿಬ್ಬರು ಹಿರಿಯರು ಪಕ್ಕದಲ್ಲಿ. ಮೇಷ್ಟ್ರು ನಿಂತಿದ್ದರು. ಮೂಳೆ ಕಟ್ಟಿಸಲು, ಜಟಕಾಕ್ಕೆ ಖರ್ಚಾಯಿತೆಂದು ಹೇಳಿದರು. ಅಪ್ಪ ನಕ್ಕರು. "ಮೂಳೆ ಕಟ್ಟೋರು ದುಡ್ಡು ಮುಟ್ಟಲ್ಲ ಅನ್ನೋದು ಊರಿಗೇ ಗೊತ್ತು." ಕೆಂಪಣ್ಣನನ್ನು ಕೇಳಿದ್ದರಂತೆ, ನೋವಿನಲ್ಲಿ ಕಣ್ಣೇ ಬಿಟ್ಟಿರಲಿಲ್ಲ, ಏನೂ ನೋಡಲಿಲ್ಲ ಎಂದಿದ್ದ ಪಾಪ. ಅವನು ನಿಜವನ್ನೇ ಹೇಳಿದ್ದ.

ಮೇಷ್ಟ್ರು ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಕೋಪವಿರಲಿಲ್ಲ — ಒಂದು ಥರದ ನೆಮ್ಮದಿ ಇತ್ತು. ಸಾಕ್ಷಿ ಎದುರಿಗೇ ಇದ್ದಾನಲ್ಲ ಎಂಬ ನೆಮ್ಮದಿ.

"ಶೀನಿ, ಜಟಕಾದವನಿಗೆ ಯಾರು ದುಡ್ಡು ಕೊಟ್ಟಿದ್ದು, ಹೇಳಪ್ಪ."

"ನಾನು ನೋಡ್ಲಿಲ್ಲ ಸಾರ್."

ಅವರು ನನ್ನನ್ನು ನೋಡಿದರು. ಬಾಗಿಲ ಹೊರಗಿದ್ದ ಗೌಸ್ ಯಾರೂ ಕರೆಯದೆಯೇ ಒಳಗೆ ನುಗ್ಗಿ ಬಂದ. "ಸುಳ್ಳು ಸಾರ್! ಶೀನೀನೇ ಬಂದ. ಬೇಡ ಬೇಡ ಅಂದ್ರೂ ಕೂತ್ಕೊಂಡ. ಮೇಷ್ಟ್ರಿಗೆ ಗೊತ್ತೇ ಇರ್ಲಿಲ್ಲ!" ಹೆಡ್ಮೇಷ್ಟ್ರು ಎದ್ದು ಅವನ ಕೆನ್ನೆಗೆ ಬಾರಿಸಿದರು. ನಿಮ್ಮ ಮನೆಗೆ ಕರೆದುಕೊಂಡು ಹೋಗಿ ತಿನ್ನಿಸಿದ್ದಲ್ಲದೆ ಈಗ ಇವನ ಮೇಲೆ ಹಾಕುತ್ತೀಯಾ ಎಂದು ಬೆತ್ತ ತೆಗೆದುಕೊಂಡರು. ಗೌಸ್ ಹೊಡೆತ ತಿನ್ನುತ್ತ ನನ್ನನ್ನೇ ನೋಡುತ್ತಿದ್ದ. ನಾನು ಗೋಡೆಯ ಮೇಲಿದ್ದ ಭೂಪಟ ನೋಡುತ್ತಿದ್ದೆ.

ಬೆತ್ತವನ್ನು ಹಿಡಿದು ನಿಲ್ಲಿಸಿದವರು ಮೇಷ್ಟ್ರೇ. "ಆ ಹುಡುಗನ್ನ ಬಿಡಿ," ಎಂದರು. "ಹುಡುಗರನ್ನ ಕರ್ಕೊಂಡು ಹೋದೋನು ನಾನು. ಅಲ್ಲಿ ಏನೇ ಆಗಿದ್ರೂ ಅದು ನನ್ನದೇ."

ಅದನ್ನೇ ತಪ್ಪೊಪ್ಪಿಗೆ ಎಂದು ಬರೆದುಕೊಂಡರು.

ಕೆಲಸ ಕಳೆದುಕೊಂಡು ಆ ವಾರವೇ ಮೇಷ್ಟ್ರು ಊರು ಬಿಟ್ಟರು. ಗಾಡಿಯಲ್ಲಿ ಒಂದು ಟ್ರಂಕು, ಹಾಸಿಗೆಯ ಸುರುಳಿ, ಮಗುವನ್ನು ಎತ್ತಿಕೊಂಡ ಹೆಂಡತಿ. ಮೇಷ್ಟ್ರು ಪಕ್ಕದಲ್ಲಿ ನಡೆಯುತ್ತಿದ್ದರು. ಹುಡುಗರೆಲ್ಲ ಊರ ಬಾಗಿಲವರೆಗೆ ಹೋದರಂತೆ. ನನಗೆ ಆ ಬೆಳಿಗ್ಗೆ ಪಂಚಗವ್ಯ ಕೊಟ್ಟು ಶುದ್ಧಿ ಮಾಡುತ್ತಿದ್ದರು. ಗೌಸ್ ಮತ್ತೆ ಶಾಲೆಗೆ ಬರಲಿಲ್ಲ. ಹೊಸಕೋಟೆಗೆ ಹೋಗಿ ಚಿಕ್ಕಪ್ಪನ ವ್ಯಾಪಾರಕ್ಕೆ ಸೇರಿದ. ಎಷ್ಟೋ ವರ್ಷಗಳ ಮೇಲೆ ಸಂತೆಯಲ್ಲಿ ಅವನ ಎದುರಿಗೆ ಬಿದ್ದೆ. ಗುರುತು ಹಿಡಿದ — ಅದು ಅವನ ಕಣ್ಣಲ್ಲಿ ಕಂಡಿತು. "ಬನ್ನಿ ಸ್ವಾಮಿ, ಹುಣಸೇಹಣ್ಣು ಎಷ್ಟು ಬೇಕು?" ಎಂದ. ಲೇ ಶೀನಿ ಎನ್ನುತ್ತಿದ್ದವನು ಸ್ವಾಮಿ ಎಂದ. ಬೇಡದಿದ್ದರೂ ಕೊಂಡುಕೊಂಡು ಬಂದೆ. ಅವನೂ ಈಗಿಲ್ಲ.

ನಾನೂ ಮೇಷ್ಟ್ರಾದೆ. ಹುಡುಗರ ತಂಡಗಳನ್ನು ಊರೂರಿಗೆ ಕರೆದುಕೊಂಡು ಹೋದೆ. ಎಲ್ಲರಿಗೂ ಒಂದೇ ಸಾಲಿನಲ್ಲಿ ಊಟ ಹಾಕಿಸಿದೆ, ಖರ್ಚಿನ ಪ್ರತಿ ಕಾಸನ್ನೂ ಹುಡುಗರ ಎದುರಿಗೇ ಓದಿ ಹೇಳಿದೆ. ಜನ ಹೊಗಳಿದರು. ಹೊಗಳಿಸಿಕೊಂಡೆ. ಯಾರಿಂದ ಕಲಿತಿರಿ ಎಂದು ಒಬ್ಬ ಹುಡುಗ ಒಮ್ಮೆ ಕೇಳಿದ್ದ. ಹೀಗೇ ಬಂತಪ್ಪ ಎಂದಿದ್ದೆ. ಆ ಹೆಸರು ಹೇಳುವಷ್ಟು ಧೈರ್ಯವೂ ನನಗೆ...

ಒಂದು ಸಲ ಮೇಷ್ಟ್ರನ್ನು ಕಂಡೆ. ನೆಲಮಂಗಲದ ಕಡೆ ಅರಿಶಿನಕುಂಟೆಯಲ್ಲಿ ಅವರಿದ್ದಾರೆಂದು ಯಾರೋ ಹೇಳಿದ್ದರು. ಕಾಲಿಗೆ ಬಿದ್ದು ಎಲ್ಲ ಹೇಳಿಬಿಡಬೇಕೆಂದೇ ಹೋದೆ. ಹೆದ್ದಾರಿಯ ಪಕ್ಕ ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕಿದ್ದರು. ಹುಬ್ಬು, ರೆಪ್ಪೆ, ತೋಳು ಎಲ್ಲ ರಾಗಿಹಿಟ್ಟಿನಿಂದ ಬೆಳ್ಳಗಾಗಿತ್ತು. ಬೇರೆ ಯಾವ ಶಾಲೆಯೂ ಅವರನ್ನು ಸೇರಿಸಿಕೊಂಡಿರಲಿಲ್ಲ. ನನ್ನನ್ನು ನೋಡಿ, "ಶೀನಿ ಅಲ್ವೇನಪ್ಪಾ?" ಎಂದರು. ಮೆಷಿನ್ನು ನಿಲ್ಲಿಸಿ ಹತ್ತಿರ ಬಂದರು. ಅವರು ಕೇಳಿದ ಮೊದಲ ಮಾತು, "ಕೆಂಪಣ್ಣನ ಕೈ ಸರಿಹೋಯ್ತಾ? ಮಡಚೋಕಾಗ್ತಿತ್ತಾ?"

"ಸರಿಹೋಯ್ತು ಸಾರ್. ನೇಗಿಲು ಹಿಡೀತಾನೆ."

"ಸದ್ಯ," ಎಂದರು.

ರಾಗಿ ಬೀಸಿಸಲು ಬಂದ ಹೆಂಗಸರು ಸುತ್ತ ಇದ್ದರು. ಅವರೆದುರು ಹೇಗೆ ಹೇಳುವುದು ಎಂದುಕೊಂಡೆ. ಇನ್ನೊಮ್ಮೆ ಬರ್ತೀನಿ ಸಾರ್ ಎಂದು ಹೊರಟುಬಂದೆ. ಇನ್ನೊಮ್ಮೆ ಹೋಗಲಿಲ್ಲ. ಅವರು ತೀರಿಕೊಂಡದ್ದು ಗೊತ್ತಾದಾಗ — ಇದನ್ನು ಬರೆಯಲು ಕೈ ಬರುತ್ತಿಲ್ಲ, ಆದರೆ ಬರೆಯಬೇಕು — ನನಗೆ ಹಗುರವಾಗಿತ್ತು.

ಈಗ ಹೇಳುತ್ತಿರುವುದೂ ಒಳ್ಳೆಯತನದಿಂದಲ್ಲ. ಹೋದ ತಿಂಗಳು ಡಾಕ್ಟರು ನನ್ನ ಎದೆ ಪರೀಕ್ಷೆ ಮಾಡಿ, ನನಗೆ ಏನೂ ಹೇಳದೆ ಮಗನನ್ನು ಪಕ್ಕಕ್ಕೆ ಕರೆದರು. ಭಯವಾಯಿತು. ಮರುದಿನವೇ ಅರಿಶಿನಕುಂಟೆಗೆ ಹೋದೆ.

ತೊಟ್ಟಿಲಲ್ಲಿದ್ದ ಆ ಮಗು, ಸರೋಜಮ್ಮ, ಈಗ ತಲೆ ನರೆತ ಹೆಂಗಸು. ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಾನು ಎಲ್ಲವನ್ನೂ ಹೇಳಿದೆ, ನಿಂತುಕೊಂಡೇ. ಆಕೆ ಸುಲಿಯುವುದನ್ನು ನಿಲ್ಲಿಸಲಿಲ್ಲ. ಜಟಕಾದವನಿಗೆ ದುಡ್ಡು ಕೊಟ್ಟದ್ದು ನಾನೇ ಎಂದಾಗ ಮಾತ್ರ ಕೈ ನಿಂತಿತು.

"ಅಪ್ಪ ನಿಮ್ಮ ಹೆಸರು ಯಾವತ್ತೂ ಹೇಳ್ಲಿಲ್ಲ," ಎಂದರು. "ಯಾರೋ ಹುಡುಗ ಹೆದರ್ಕೊಂಡ ಅಂತಿದ್ರು, ಅಷ್ಟೇ. ಅಮ್ಮ ನಂಬ್ತಿರ್ಲಿಲ್ಲ. ಮನೇಲಿ ರಾಗಿ ಇಲ್ದಾಗೆಲ್ಲ, ಜಗಳ ಆದಾಗೆಲ್ಲ ಅದೇ ಮಾತು — ಮಕ್ಕಳ ಊಟದ ದುಡ್ಡು ತಿಂದು ಬಂದ ಮನುಷ್ಯ ನೀನು ಅಂತ. ಅಪ್ಪ ಎದ್ದು ಹೊರಗೆ ಹೋಗಿ ಕೂತ್ಕೋತಿದ್ರು. ಸಾಯೋವರ್ಗೂ ಅಮ್ಮ ಹಂಗೇ ಅಂದ್ಕೊಂಡಿದ್ಲು. ಹೋದ ವರ್ಷ ತಾನೇ ಹೋಗಿದ್ದು ಅವಳು."

ನಾನು ಊರಿನ ಎದುರಿಗಷ್ಟೇ ಅವರ ಮಾನ ಕಳೆದೆನೆಂದು ತಿಳಿದಿದ್ದೆ. ನನ್ನ ಮಾತು ಅವರ ಗಾಡಿಯ ಜೊತೆಯೇ ಹೋಗಿ, ಅವರ ಒಲೆಯ ಮುಂದೆ ಕೂತು, ಅವರು ಬದುಕಿದ್ದಷ್ಟು ದಿನವೂ ಅವರ ಹೆಂಡತಿಯ ಬಾಯಿಂದ...

ಕ್ಷಮಿಸಿ ಎಂದೆ. ಆಕೆ ಆ ಮಾತನ್ನು ತೆಗೆದುಕೊಳ್ಳಲೂ ಇಲ್ಲ, ಹಿಂದಕ್ಕೆ ಕೊಡಲೂ ಇಲ್ಲ.

"ನನಗೆ ಹೇಳಿ ಏನು ಬಂತು? ನಾನು ಅಪ್ಪನ್ನ ನಂಬಿದ್ದೆ," ಎಂದರು. "ದೊಡ್ಡಬಳ್ಳಾಪುರದಲ್ಲಿ ನನ್ನ ತಮ್ಮ ಇದಾನೆ. ಅಮ್ಮನ ಮಾತು ಕೇಳ್ಕೊಂಡೇ ಬೆಳೆದೋನು. ಅಪ್ಪ ಸತ್ತಾಗ ಮಣ್ಣು ಹಾಕೋಕೂ ಬರ್ಲಿಲ್ಲ. ಅವನಿಗೆ ಹೇಳಿ, ಹೋಗಿ."

ಮನೆಗೆ ಬಂದು ಇದನ್ನು ಬರೆದೆ, ಅವನ ಎದುರಿಗೆ ನಿಂತಾಗ ನಾಲಗೆ ಮತ್ತೆ ಹಿಂದೆ ಸರಿಯಬಾರದೆಂದು. ಅವನು ಬೈಯಬಹುದು, ಕೈ ಎತ್ತಬಹುದು, ಅಪ್ಪನನ್ನು ಕಳೆದುಕೊಂಡ ಅಷ್ಟೂ ವರ್ಷಗಳನ್ನು ನನ್ನಿಂದ ಕೇಳಬಹುದು. ಕೊಡಲು ನನ್ನ ಹತ್ತಿರ ಏನೂ ಇಲ್ಲ. ನಾಳೆ ಬೆಳಗಿನ ಬಸ್ಸಿಗೆ ಹೋಗುತ್ತೇನೆ. ಮಗ ಜೊತೆಗೆ ಬರುತ್ತೇನೆಂದ; ಬೇಡವೆಂದಿದ್ದೇನೆ.